ಲುಕ್ಕಾದ ಗೋಡೆ ಮತ್ತು ಕಬಾಬ್ ಅಂಗಡಿ

2009ರ ಜನವರಿಯಲ್ಲಿ ಇಟಲಿಯ ಲುಕ್ಕಾ ನಗರಸಭೆ ಒಂದು ನಿಯಮ ಮಾಡಿತು. ಊರಿನ ಹಳೆಯ ಕೋಟೆಗೋಡೆಯ ಒಳಗೆ ಇನ್ನು ಮುಂದೆ ಬೇರೆ ಜನಾಂಗಗಳ ಊಟ-ತಿಂಡಿಯ ಹೊಸ ಅಂಗಡಿ ತೆರೆಯುವಂತಿಲ್ಲ. ಅಡುಗೆಯ ಪರಂಪರೆಯನ್ನೂ ಊರಿನ ಚಾರಿತ್ರಿಕ ಚಹರೆಯನ್ನೂ ಕಾಪಾಡುವುದು ಇದರ ಉದ್ದೇಶ ಎಂದು ನಿಯಮವೇ ಹೇಳಿಕೊಂಡಿತ್ತು. ಆಗಲೇ ಇದ್ದ ಕೆಲವು ಕಬಾಬ್ ಅಂಗಡಿಗಳ ತಂಟೆಗೆ ಅದು ಹೋಗಲಿಲ್ಲ. ಹೊಸಬರಿಗೆ ಮಾತ್ರ ಬಾಗಿಲು ಮುಚ್ಚಿತು.

ಸುದ್ದಿ ದೇಶ ದಾಟಿ ಹೋಯಿತು. ಫ್ರೆಂಚ್ ಹೋಟೆಲು ಬರಬಹುದೇ ಎಂದು ಪತ್ರಕರ್ತರು ಕೇಳಿದರು. ಬರಬಹುದು ಎಂಬ ಉತ್ತರ ಬಂತು. ಹಾಗಾದರೆ ಸಿಸಿಲಿಯ ಅಡುಗೆ? ಸಿಸಿಲಿ ಇಟಲಿಯದೇ ದ್ವೀಪ, ಆದರೆ ಅದರ ಅಡುಗೆಯಲ್ಲಿ ಅರಬ್ಬರ ಕೈ ಇದೆ. ಈ ಪ್ರಶ್ನೆಗೆ ನಗರಸಭೆಯವರು ತಡವರಿಸಿದರು ಎಂದು ಆಗಿನ ಪತ್ರಿಕೆಗಳು ಬರೆದವು. ಕೇಂದ್ರದ ಕೃಷಿ ಸಚಿವ ಲೂಕಾ ಜಾಯಾ ಇಂಥ ನಿಯಮಗಳ ಬೆಂಬಲಕ್ಕೆ ನಿಂತರು. ತಾನು ಕಬಾಬ್ ತಿಂದವನೇ ಅಲ್ಲ, ತನ್ನ ವೆನೆಟೊ ಪ್ರಾಂತ್ಯದ ಅಡುಗೆಯೇ ತನಗೆ ಸಾಕು, ಅನಾನಸನ್ನು ಕೂಡ ಮುಟ್ಟುವುದಿಲ್ಲ ಎಂದರು. ವೆನೆಟೊದವರ ನಿತ್ಯದ ಊಟ ಪೊಲೆಂಟಾ, ಅಂದರೆ ಮೆಕ್ಕೆಜೋಳದ ಅಂಬಲಿಗಟ್ಟಿ. ಮೆಕ್ಕೆಜೋಳವೂ ಅನಾನಸೂ ಅಮೆರಿಕ ಖಂಡದವು, ಕೊಲಂಬಸನ ನಂತರ ಯುರೋಪಿಗೆ ಬಂದವು. ಒಂದು ಸ್ವದೇಶಿಯಾಯಿತು, ಇನ್ನೊಂದು ವಿದೇಶಿಯಾಗಿಯೇ ಉಳಿಯಿತು.

ಸಂಶೋಧನೆಯ ಓದಿನಲ್ಲಿ ಇಂಥ ನಿಯಮಗಳನ್ನು ಎದುರಿಸಿದಾಗಲೆಲ್ಲ ನನಗೆ ಏಳುವ ಪ್ರಶ್ನೆ ಒಂದೇ. ಪರಂಪರೆ ಎನ್ನುವಾಗ ನಾವು ಯಾವ ಇಸವಿಯನ್ನು ಗೆರೆಯಾಗಿ ಎಳೆಯುತ್ತಿದ್ದೇವೆ?

ಲುಕ್ಕಾದ ತಟ್ಟೆಯನ್ನೇ ನೋಡೋಣ. ಆ ಸೀಮೆಯ ಹೆಸರಾಂತ ಅಡುಗೆ ಫಾರ್ರೊ ಸಾರು. ಫಾರ್ರೊ ಎಂದರೆ ನಮ್ಮ ಉತ್ತರ ಕರ್ನಾಟಕದಲ್ಲಿ ಸದಕ, ಖಪ್ಲಿ ಎಂದು ಕರೆಯುವ ಗೋಧಿಯ ಕುಲದ್ದೇ ಧಾನ್ಯ. ರೋಮನ್ನರೂ ಉಂಡ ಈ ಧಾನ್ಯ ಲುಕ್ಕಾದ ಉತ್ತರದ ಗಾರ್ಫನ್ಯಾನಾ ಬೆಟ್ಟಸೀಮೆಯಲ್ಲಿ ಇಂದಿಗೂ ಬೆಳೆಯುತ್ತದೆ. ಆದರೆ ಸಾರನ್ನು ಗಟ್ಟಿ ಮಾಡುವ ಕಾಳು ರಾಜ್ಮಾದ ಬಳಗದ್ದು, ಅಮೆರಿಕದಿಂದ ಬಂದದ್ದು. ಊರಿನ ಇನ್ನೊಂದು ಹೆಮ್ಮೆ ತೊರ್ದೆಲ್ಲಿ, ನಮ್ಮ ಕರಿಗಡುಬಿನ ಆಕಾರದ ಕಣಕದೊಳಗೆ ಮಾಂಸದ ಹೂರಣ. ಆ ಹೂರಣಕ್ಕೆ ಬೀಳುವ ಜಾಯಿಕಾಯಿ ಮೂಲತಃ ಇಂಡೋನೇಷ್ಯಾದ ಬಾಂದಾ ದ್ವೀಪಗಳದ್ದು. ಕರಿಮೆಣಸಂತೂ ನಮ್ಮ ಪಡುವಣ ಕರಾವಳಿಯ ಬೆಳೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಇನ್ನು ಟೊಮೇಟೊ. 1690ರ ದಶಕದಲ್ಲಿ ನೇಪಲ್ಸಿನಲ್ಲಿ ಅಂತೋನಿಯೊ ಲಾತೀನಿ ಪ್ರಕಟಿಸಿದ ಪಾಕಪುಸ್ತಕದಲ್ಲಿ ಟೊಮೇಟೊ ಸಾಸು ಮಾಡುವ ಬಗೆ ಇದೆ. ಅದಕ್ಕೆ ಆತ ಕೊಟ್ಟ ಹೆಸರು ಸ್ಪ್ಯಾನಿಷ್ ಶೈಲಿಯ ಸಾಸು. ಇಂದು ಇಟಲಿಯ ಗುರುತೇ ಆಗಿರುವ ಕೆಂಪು ಸಾಸು ಅಂದು ಪರದೇಶದ ರುಚಿಯಾಗಿತ್ತು.

ಇದು ಪದಾರ್ಥಗಳ ಮಾತಾಯಿತು. ಪದಾರ್ಥ ಹೊರಗಿನದಾದರೇನು, ಅಡುಗೆ ನಮ್ಮದು ಎಂದು ಯಾರಾದರೂ ಹೇಳಬಹುದು. ಹೇಳಲಿ. ಆದರೆ ಲುಕ್ಕಾದ ಚರಿತ್ರೆಯಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇದೆ. ಅದು ಮನುಷ್ಯರದ್ದು.

ಮಧ್ಯಯುಗದಲ್ಲಿ ಈ ಊರು ಬದುಕಿದ್ದು ರೇಷ್ಮೆಯಿಂದ. ಕಚ್ಚಾ ರೇಷ್ಮೆ ಪೂರ್ವದೇಶಗಳಿಂದ ಜಿನೋವಾ ಬಂದರಿಗೆ ಬಂದು ಅಲ್ಲಿಂದ ಇಲ್ಲಿಗೆ ತಲುಪುತ್ತಿತ್ತು. 1314ರಲ್ಲಿ ಊರು ಲೂಟಿಯಾದಾಗ ಅನೇಕ ನೇಕಾರರು ವೆನಿಸ್, ಬೊಲೊನ್ಯಾಗಳಿಗೆ ವಲಸೆ ಹೋದರು. ಅವರೊಂದಿಗೆ ಕಸುಬೂ ಹೋಯಿತು. ವೆನಿಸಿನ ರೇಷ್ಮೆ ಹೆಸರು ಮಾಡಿದ್ದರಲ್ಲಿ ಲುಕ್ಕಾದ ನಿರಾಶ್ರಿತರ ಪಾಲು ದೊಡ್ಡದು. ಐದು ಶತಮಾನ ಕಳೆದ ಮೇಲೆ ಮತ್ತೊಂದು ವಲಸೆ. ಊರಿನ ಉತ್ತರಕ್ಕಿರುವ ಸೆರ್ಕಿಯೊ ನದಿಯ ಕಣಿವೆಯಿಂದ ಗಚ್ಚಿನ ಗೊಂಬೆ ಮಾಡುವವರು ತಲೆಯ ಮೇಲೆ ಹಲಗೆ ಹೊತ್ತು ಯುರೋಪು, ಅಮೆರಿಕಗಳ ಬೀದಿಬೀದಿ ತಿರುಗಿದರು. ಅವರ ಹಿಂದೆಯೇ ಬಾರ್ಗಾ ಎಂಬ ಪುಟ್ಟ ಬೆಟ್ಟದೂರಿನ ಜನ ಸ್ಕಾಟ್ಲೆಂಡಿಗೆ ಹೊರಟರು.

ಗ್ಲಾಸ್ಗೋದಲ್ಲಿ ಅವರು ಮೊದಲು ತಳ್ಳುಗಾಡಿಯಲ್ಲಿ ಐಸ್‌ಕ್ರೀಮ್ ಮಾರಿದರು, ಆಮೇಲೆ ಅಂಗಡಿ ಹಾಕಿದರು. ಐಸ್‌ಕ್ರೀಮಿನ ಜೊತೆಗೆ ಕರಿದ ಮೀನು-ಆಲೂಗೆಡ್ಡೆಯ ಅಂಗಡಿಗಳೂ ಬಂದವು. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಹೊತ್ತಿಗೆ ಆ ನಗರದಲ್ಲಿ ಇಟಾಲಿಯನ್ನರ ಇಂಥ ಅಂಗಡಿಗಳು ನೂರಾರು. ಬಡವರ ಕೈಗೆಟಕುವ ಬೆಲೆ, ತಡರಾತ್ರಿಯವರೆಗೆ ದೀಪ, ಕೂರಲು ಬೆಂಚು. ಆಗ ಊರಿನ ಗಣ್ಯರಿಗೆ, ಚರ್ಚಿನ ಹಿರಿಯರಿಗೆ ತಕರಾರು ಶುರುವಾಯಿತು. ಈ ವಿದೇಶಿಯರು ಭಾನುವಾರವೂ ಅಂಗಡಿ ತೆರೆಯುತ್ತಾರೆ, ಹುಡುಗ ಹುಡುಗಿಯರು ಅಲ್ಲಿ ಒಟ್ಟಿಗೆ ಕೂರುತ್ತಾರೆ, ಊರಿನ ನಡತೆ ಕೆಡುತ್ತಿದೆ. 1906ರಲ್ಲಿ ಭಾನುವಾರದ ವ್ಯಾಪಾರ ಕುರಿತ ಬ್ರಿಟಿಷ್ ಸಂಸತ್ತಿನ ಸಮಿತಿಯವರೆಗೂ ಈ ದೂರು ಹೋಯಿತು. ತಡರಾತ್ರಿಯ ಗದ್ದಲ, ಗುಂಪು ಸೇರುವ ಯುವಕರು, ಬೀದಿಯ ಮರ್ಯಾದೆ: ನೂರು ವರ್ಷದ ನಂತರ ಇಟಲಿಯ ಊರುಗಳಲ್ಲಿ ಕಬಾಬ್ ಅಂಗಡಿಗಳ ಮೇಲೆ ಬಂದ ದೂರುಗಳೂ ಹೆಚ್ಚುಕಡಿಮೆ ಇವೇ.

ಅಂಗಡಿಯ ಮೇಲಿನ ಅಸಮಾಧಾನ ಯಾವಾಗ ಮನುಷ್ಯರ ಮೇಲೆ ತಿರುಗುತ್ತದೆ ಎಂದು ಹೇಳಲಾಗದು. 1940ರ ಜೂನ್ 10ರಂದು ಮುಸೊಲಿನಿ ಬ್ರಿಟನ್ ಮೇಲೆ ಯುದ್ಧ ಸಾರಿದ. ಅದೇ ರಾತ್ರಿ ಸ್ಕಾಟ್ಲೆಂಡಿನ ಊರುಗಳಲ್ಲಿ ಗುಂಪುಗಳು ಇಟಾಲಿಯನ್ನರ ಅಂಗಡಿಗಳ ಗಾಜು ಒಡೆದವು. ದಶಕಗಳ ಕಾಲ ಅದೇ ಬೀದಿಯಲ್ಲಿ ಮಕ್ಕಳಿಗೆ ಐಸ್‌ಕ್ರೀಮ್ ಕೊಟ್ಟ ಗಂಡಸರನ್ನು ಪೊಲೀಸರು ಹಿಡಿದೊಯ್ದರು. ಜುಲೈ 2ರಂದು, ಬಂಧಿತರನ್ನು ಕೆನಡಾಕ್ಕೆ ಸಾಗಿಸುತ್ತಿದ್ದ ಅರಾಂಡೋರಾ ಸ್ಟಾರ್ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಸತ್ತವರಲ್ಲಿ ನಾನೂರಕ್ಕೂ ಹೆಚ್ಚು ಇಟಾಲಿಯನ್ನರಿದ್ದರು. ಲುಕ್ಕಾ ಸೀಮೆಯವರೂ ಅವರಲ್ಲಿದ್ದರು.

ಯುದ್ಧ ಮುಗಿದ ಮೇಲೆ ಉಳಿದವರು ಗಾಜು ಹಾಕಿಸಿಕೊಂಡು ಮತ್ತೆ ಅಂಗಡಿ ತೆರೆದರು. ಇಂದು ಸ್ಕಾಟ್ಲೆಂಡಿನವರಿಗೆ ಇಟಾಲಿಯನ್ ಕುಟುಂಬದ ಐಸ್‌ಕ್ರೀಮ್ ಅಂಗಡಿ ತಮ್ಮದೇ ಬಾಲ್ಯದ ನೆನಪು. ಅಲ್ಲಿ ಹುಟ್ಟಿದ ಗಾಯಕ ಪಾವೊಲೊ ನುತೀನಿಯ ಪೂರ್ವಿಕರು ಬಾರ್ಗಾದವರು. ಇತ್ತ ಬಾರ್ಗಾದಲ್ಲಿ ಪ್ರತಿ ಬೇಸಿಗೆಯಲ್ಲಿ ಕರಿದ ಮೀನು-ಆಲೂಗೆಡ್ಡೆಯ ಜಾತ್ರೆಯೇ ನಡೆಯುತ್ತದೆ. ಹೊಟ್ಟೆಪಾಡಿಗೆ ಹೋದವರು ಕಲಿತ ಪರದೇಶದ ತಿಂಡಿ ತವರಿನ ಹಬ್ಬದ ಊಟವಾಗಿದೆ. ಅದೂ ಲುಕ್ಕಾದ ಪ್ರಾಂತ್ಯದಲ್ಲೇ.

ಕಬಾಬಿನ ಕಥೆಯೂ ಇದಕ್ಕೆ ದೂರದ್ದಲ್ಲ. ಯುರೋಪಿನ ಊರೂರಲ್ಲಿ ರೊಟ್ಟಿಯೊಳಗೆ ಸುತ್ತಿ ಕೊಡುವ ಡೋನರ್ ಕಬಾಬ್ 1970ರ ದಶಕದಲ್ಲಿ ಬರ್ಲಿನ್ನಿನ ತುರ್ಕಿ ವಲಸಿಗರ ಕೈಯಲ್ಲಿ ಜನಪ್ರಿಯವಾದದ್ದು. ಕಾರ್ಖಾನೆಯ ಕೆಲಸ ಮುಗಿಸಿ ನಡೆಯುತ್ತಲೇ ತಿನ್ನಬಹುದಾದ, ಜೇಬಿಗೆ ಭಾರವಾಗದ ಊಟ. ಗ್ಲಾಸ್ಗೋದ ಇಟಾಲಿಯನ್ ಮೀನಂಗಡಿ ಮಾಡಿದ್ದೂ ಅದೇ ಕೆಲಸ.

ಹಾಗೆಂದು ಲುಕ್ಕಾದವರ ದಿಗಿಲನ್ನು ನಾನು ತಳ್ಳಿಹಾಕುವುದಿಲ್ಲ. ಪ್ರವಾಸಿಗರು ಮುತ್ತುವ ಊರುಗಳಲ್ಲಿ ಬಾಡಿಗೆ ಏರುತ್ತದೆ. ಚಮ್ಮಾರನ, ದರ್ಜಿಯ ಅಂಗಡಿ ಎದ್ದುಹೋಗಿ ಅಲ್ಲಿ ತಿನಿಸಿನ ಅಂಗಡಿ ಬರುತ್ತದೆ. ಹಳೆಯ ನಿವಾಸಿಗಳು ಮನೆ ಖಾಲಿ ಮಾಡುತ್ತಾರೆ. ಇದು ನಿಜವಾದ ನಷ್ಟ, ಇದಕ್ಕೆ ಕಾನೂನು ಬೇಕು. 2016ರಲ್ಲಿ ಫ್ಲಾರೆನ್ಸ್ ತನ್ನ ಹಳೆಯ ಕೇಂದ್ರದ ಹೊಸ ಹೋಟೆಲುಗಳಲ್ಲಿ ನೂರಕ್ಕೆ 70 ಪಾಲು ಸ್ಥಳೀಯ ಪದಾರ್ಥವೇ ಇರಬೇಕೆಂದಿತು. 2017ರಲ್ಲಿ ವೆನಿಸ್ ಕಟ್ಟಿಸಿಕೊಂಡು ಹೋಗುವ ತಿಂಡಿಯ ಹೊಸ ಅಂಗಡಿಗಳನ್ನು ತಡೆಯಿತು. ಈ ನಿಯಮಗಳ ಬಗ್ಗೆಯೂ ವಾದ ಮಾಡಬಹುದು. ಆದರೂ ಇವು ಪದಾರ್ಥವನ್ನು, ವ್ಯಾಪಾರದ ಬಗೆಯನ್ನು ಹೆಸರಿಸುತ್ತವೆ. ಲುಕ್ಕಾದ ನಿಯಮ ಹೆಸರಿಸಿದ್ದು ಜನಾಂಗವನ್ನು. ಹೆಪ್ಪುಗಟ್ಟಿಸಿದ ಪಾಸ್ತಾವನ್ನು ಬಿಸಿ ಮಾಡಿ ದುಪ್ಪಟ್ಟು ಬೆಲೆಗೆ ಪ್ರವಾಸಿಗರಿಗೆ ಬಡಿಸುವವನು ಆ ನಿಯಮದಡಿ ಪಾರಾಗುತ್ತಾನೆ. ಹಿಟ್ಟು ನಾದಿ, ಮಾಂಸ ಸುಟ್ಟು ಹತ್ತು ಜನರಿಗೆ ಅಗ್ಗದ ಊಟ ಕೊಡುವ ವಲಸಿಗ ಸಿಕ್ಕಿಬೀಳುತ್ತಾನೆ. ಇಟಲಿಯ ಎಷ್ಟೋ ಹೋಟೆಲುಗಳ ಒಲೆಯ ಮುಂದೆ ಇಂದು ಈಜಿಪ್ಟಿನವರು, ಬಾಂಗ್ಲಾದೇಶದವರು ಬೆವರು ಸುರಿಸುತ್ತಿದ್ದಾರೆ. ಅವರು ಒಳಗೆ ನಿಂತು ತೊರ್ದೆಲ್ಲಿ ಬೇಯಿಸಿದರೆ ಪರಂಪರೆಗೆ ಧಕ್ಕೆಯಿಲ್ಲ. ತಮ್ಮ ಊರಿನ ಅಡುಗೆಗೆ ತಮ್ಮದೇ ಫಲಕ ಹಾಕಿದರೆ ಧಕ್ಕೆ. ಜಗಳ ಇರುವುದು ರುಚಿಯ ಬಗ್ಗೆ ಅಲ್ಲ, ಯಾರು ಮಾಲೀಕರಾಗಿ ಬೀದಿಗೆ ಮುಖ ಮಾಡಿ ಕೂರಬಹುದು ಎಂಬುದರ ಬಗ್ಗೆ.

ಲುಕ್ಕಾದ ಈಗಿನ ಗೋಡೆ ಹದಿನಾರನೆಯ ಶತಮಾನದಲ್ಲಿ ಶುರುವಾಗಿ ಹದಿನೇಳನೆಯದರ ನಡುವಿನಲ್ಲಿ ಮುಗಿದದ್ದು. ಸುತ್ತಳತೆ ನಾಲ್ಕು ಕಿಲೋಮೀಟರಿಗೂ ಹೆಚ್ಚು. ಯಾವ ಶತ್ರುಸೈನ್ಯವನ್ನೂ ಅದು ತಡೆಯಬೇಕಾಗಿ ಬರಲಿಲ್ಲ. 1812ರಲ್ಲಿ ಸೆರ್ಕಿಯೊ ನದಿ ಉಕ್ಕಿದಾಗ ಬಾಗಿಲು ಮುಚ್ಚಿ ನೀರನ್ನು ತಡೆದದ್ದೇ ಅದರ ದೊಡ್ಡ ಸಾಹಸ. ಈಗ ಗೋಡೆಯ ಮೇಲೆ ಮರಗಳ ಸಾಲು, ನೆರಳಲ್ಲಿ ಸೈಕಲ್ ಹೊಡೆಯುವ ಜನ. ಅದೇ ಗೋಡೆಯ ಒಳಗೆ, ಹಳೆಯ ಅರಮನೆಯ ಆವರಣದಲ್ಲಿ, ಇಟಲಿಯ ವಲಸೆಯ ಚರಿತ್ರೆಗೆ ಮೀಸಲಾದ ಒಂದು ವಸ್ತುಸಂಗ್ರಹಾಲಯವಿದೆ. ಊರು ಬಿಟ್ಟು ಹೋದವರ ಕಾಗದಪತ್ರ, ಫೋಟೊಗಳನ್ನು ಅಲ್ಲಿ ಅಕ್ಕರೆಯಿಂದ ಕಾಪಾಡಿದ್ದಾರೆ. ನಿಯಮ ಬರೆದವರು ಒಮ್ಮೆ ಅಲ್ಲಿಗೆ ಹೋಗಿ ಬಂದಿದ್ದರೂ ಸಾಕಿತ್ತು.