ಎಳೆಗೂಸಿನ ಹೊಟ್ಟೆನುಲಿತ ಮತ್ತು ಅದರ ಮದ್ದುಗಳು

ಹೊಸದುರ್ಗ ತಾಲ್ಲೂಕಿನ ಬಾಗೂರನ್ನೊಳಗೊಂಡ ಬಯಲುಸೀಮೆಯಲ್ಲಿ ಎಳೆಗೂಸು ಕಾಲು ಮಡಚಿ ಎಡೆಬಿಡದೆ ಅತ್ತರೆ, ಅದನ್ನು ಹೊಟ್ಟೆನುಲಿತವೆಂದು ಗುರುತಿಸಿ ಹೊಕ್ಕುಳ ಸುತ್ತ ಇಂಗಿನ ನೀರು ಹಚ್ಚುವ, ಬಜೆಬೇರು ತೇಯ್ದು ನೆಕ್ಕಿಸುವ, ಫಲಿಸದಿದ್ದರೆ ದೃಷ್ಟಿ ತೆಗೆಯುವ ರೂಢಿ ಹಿರಿಯ ಹೆಂಗಸರ ಕೈಯಲ್ಲಿ ಬೆಳೆದುಬಂದಿತು. ಮಾತು ಬಾರದ ಶಿಶುವಿನ ನೋವನ್ನು ಕುರುಹುಗಳಿಂದ ಅರಿಯುವ ಕ್ರಮ ಪ್ರಾಚೀನವಾದುದು: ಮಕ್ಕಳ ವೈದ್ಯಗ್ರಂಥವಾದ ‘ಕಾಶ್ಯಪ ಸಂಹಿತೆ’ಯ ವೇದನಾಧ್ಯಾಯವು, ಕೂಸು ಮೊಲೆಯನ್ನು ತೊರೆದು ಅಳುವುದು, ಹೊಟ್ಟೆ ಬಿಗಿಯುವುದು, ಮುಖ ಬೆವರುವುದು ಶೂಲೆಯ ಲಕ್ಷಣಗಳೆಂದು ಬಹು ಸೂಕ್ಷ್ಮವಾಗಿ ಗುರುತಿಸಿದೆ. 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ರೂಪಿಸಿದ ಗ್ರೈಪ್ ವಾಟರ್, ಅಂದರೆ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಗಳೊಡನೆ ಹಿಂದೆ ಮದ್ಯಸಾರವೂ ಇದ್ದ ದ್ರಾವಣ, ಮುಂದೆ ಕನ್ನಡನಾಡಿನ ಮನೆಗಳನ್ನೂ ಸೇರಿತು. ಆರು ತಿಂಗಳವರೆಗೆ ಎದೆಹಾಲಷ್ಟೇ ಸಾಕೆನ್ನುವ ಇಂದಿನ ವೈದ್ಯರು, ಈ ಅಳು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಲ್ಲಿ ತಾನಾಗಿ ತಗ್ಗುವುದರಿಂದ, ಕೂಸನ್ನು ಹೆಗಲಿಗೊರಗಿಸಿ ತೇಗಿಸುವುದನ್ನೂ, ಜ್ವರ ಅಥವಾ ವಾಂತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯುವುದನ್ನೂ ಸೂಚಿಸುತ್ತಾರೆ.