ಮೂಗಿನ ದುರ್ಮಾಂಸ (ಪಾಲಿಪ್): ಚಿಕಿತ್ಸಾ ವಿಧಾನಗಳು ಹಾಗೂ ಸೌಲಭ್ಯಗಳು

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ರೋಗದ ಸ್ವರೂಪ
ಮೂಗು ಮತ್ತು ಸೈನಸ್‌ಗಳ ಒಳಪೊರೆಯು ದೀರ್ಘಕಾಲ ಉರಿಯೂತಕ್ಕೆ ಒಳಗಾದಾಗ ಬೆಳೆಯುವ, ನೋವಿಲ್ಲದ ಮೃದು ಗಡ್ಡೆಗಳನ್ನು ದುರ್ಮಾಂಸ ಎನ್ನಲಾಗುತ್ತದೆ. ಅಸ್ತಮಾ, ಅಲರ್ಜಿ ಅಥವಾ ಆಸ್ಪಿರಿನ್ ಒಗ್ಗದಿರುವವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ಲಕ್ಷಣಗಳು
ಮೂಗು ಕಟ್ಟುವುದು, ವಾಸನೆ ತಿಳಿಯದಿರುವುದು, ಗಂಟಲಿಗೆ ಕಫ ಇಳಿಯುವುದು ಹಾಗೂ ಮುಖ ಭಾರವಾಗುವುದು. ವಾಸನೆ ಗ್ರಹಿಸದವರಿಗೆ ಅಡುಗೆ ಅನಿಲದ ಸೋರಿಕೆ ತಿಳಿಯದಿರುವುದರಿಂದ ಮನೆಯವರು ಎಚ್ಚರ ವಹಿಸತಕ್ಕದ್ದು.

ಚಿಕಿತ್ಸಾ ವಿಧಾನಗಳು
1. ಕುದಿಸಿ ಆರಿಸಿದ ನೀರಿನಿಂದ ತಯಾರಿಸಿದ ಉಪ್ಪಿನ ದ್ರಾವಣದಿಂದ ಮೂಗು ತೊಳೆಯುವುದು.
2. ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಸ್ಪ್ರೇ. ಇದು ಮೊದಲ ಹಂತದ ಚಿಕಿತ್ಸೆಯಾಗಿದ್ದು, ಪರಿಣಾಮ ಕಾಣಲು ಕೆಲವು ವಾರಗಳು ಬೇಕಾಗುತ್ತವೆ.
3. ತೀವ್ರವಾಗಿದ್ದಲ್ಲಿ ವೈದ್ಯರ ಮೇಲ್ವಿಚಾರಣೆಯಲ್ಲಿ ಅಲ್ಪಾವಧಿಗೆ ಸ್ಟೀರಾಯ್ಡ್ ಮಾತ್ರೆ. ಮಧುಮೇಹ ಇರುವವರು ಅದನ್ನು ಮುಂಚಿತವಾಗಿ ತಿಳಿಸತಕ್ಕದ್ದು.
4. ಔಷಧದಿಂದ ಗುಣವಾಗದಿದ್ದಲ್ಲಿ, ಸಿ.ಟಿ. ಸ್ಕ್ಯಾನ್ ಪರೀಕ್ಷೆಯ ನಂತರ ಎಂಡೋಸ್ಕೋಪಿಕ್ ಸೈನಸ್ ಶಸ್ತ್ರಚಿಕಿತ್ಸೆ. ಇದನ್ನು ಮೂಗಿನ ಒಳಗಿನಿಂದಲೇ ನಡೆಸುವುದರಿಂದ ಮುಖದ ಮೇಲೆ ಗಾಯದ ಗುರುತು ಉಳಿಯುವುದಿಲ್ಲ. ದುರ್ಮಾಂಸವು ಮರಳಿ ಬೆಳೆಯುವ ಸಾಧ್ಯತೆ ಇರುವುದರಿಂದ ಶಸ್ತ್ರಚಿಕಿತ್ಸೆಯ ನಂತರವೂ ಸ್ಪ್ರೇ ಮುಂದುವರಿಸಬೇಕಾಗುತ್ತದೆ.
5. ಪದೇ ಪದೇ ಮರುಕಳಿಸುವ ಪ್ರಕರಣಗಳಲ್ಲಿ ಡುಪಿಲುಮಾಬ್‌ನಂತಹ ಜೈವಿಕ ಚುಚ್ಚುಮದ್ದು. ಇದು ದುಬಾರಿಯಾಗಿದ್ದು, ತಜ್ಞರ ನಿರ್ಧಾರಕ್ಕೆ ಒಳಪಟ್ಟಿರುತ್ತದೆ.

ವಿಶೇಷ ಎಚ್ಚರಿಕೆ
ಒಂದೇ ಹೊಳ್ಳೆಯಲ್ಲಿ ಗಡ್ಡೆ ಅಥವಾ ಮೂಗಿನಿಂದ ರಕ್ತಸ್ರಾವ ಕಂಡುಬಂದಲ್ಲಿ ವಿಳಂಬ ಮಾಡದೆ ತಜ್ಞರಿಗೆ ತೋರಿಸತಕ್ಕದ್ದು; ಗೆಡ್ಡೆಯ ಸ್ವರೂಪ ತಿಳಿಯಲು ಬಯಾಪ್ಸಿ ಅಗತ್ಯವಾಗಬಹುದು. ಕೆರೆ, ಮದಗಗಳಲ್ಲಿ ಸ್ನಾನ ಮಾಡುವವರಲ್ಲಿ ಕಂಡುಬರುವ ರೈನೋಸ್ಪೋರಿಡಿಯೋಸಿಸ್ ಎಂಬ ಸೋಂಕು ಸಹ ಕೆಂಪಗಿನ, ಸುಲಭವಾಗಿ ರಕ್ತ ಒಸರುವ ದುರ್ಮಾಂಸದಂತೆ ಕಾಣುತ್ತದೆ. ಇದು ಸ್ಪ್ರೇಯಿಂದ ಗುಣವಾಗುವುದಿಲ್ಲ. ಗಡ್ಡೆಯನ್ನು ಕತ್ತರಿಸಿ ಬುಡವನ್ನು ಸುಡಬೇಕಾಗುತ್ತದೆ. ಅಂಗಡಿಯಲ್ಲಿ ದೊರೆಯುವ ಮೂಗು ಬಿಡಿಸುವ ಹನಿಗಳನ್ನು ಒಂದು ವಾರಕ್ಕಿಂತ ಹೆಚ್ಚು ಬಳಸಬಾರದು. ದುರ್ಮಾಂಸವನ್ನು ಮನೆಯಲ್ಲಿ ಕೀಳುವ ಅಥವಾ ಸುಡುವ ಪ್ರಯತ್ನ ಅಪಾಯಕಾರಿ.

ಎಲ್ಲಿ ಸಂಪರ್ಕಿಸಬೇಕು
ಮೊದಲಿಗೆ ಪುತ್ತೂರು ಅಥವಾ ಸುಳ್ಯ ತಾಲ್ಲೂಕು ಆಸ್ಪತ್ರೆ, ಇಲ್ಲವೇ ಕಡಬ ಸಮುದಾಯ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಬಹುದು. ಹೆಚ್ಚಿನ ಚಿಕಿತ್ಸೆಗೆ ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಶಿಫಾರಸು ಪಡೆಯಬಹುದು.

ಆರ್ಥಿಕ ನೆರವು
2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವಾರ್ಷಿಕ ರೂ. 1.5 ಲಕ್ಷದ ಮಿತಿಯೊಳಗೆ ಭರಿಸಲಾಗುತ್ತದೆ. ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿಯನ್ನು ಹಾಜರುಪಡಿಸತಕ್ಕದ್ದು. ಖಾಸಗಿ ಆಸ್ಪತ್ರೆಗೆ ತೆರಳುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆದು, ನಿಗದಿತ ಶಸ್ತ್ರಚಿಕಿತ್ಸೆಯು ಆ ಆಸ್ಪತ್ರೆಯಲ್ಲಿ ಯೋಜನೆಗೆ ಒಳಪಡುವುದೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಹೆಚ್ಚಿನ ಮಾಹಿತಿಗೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು.