ಒತ್ತುವರಿ ಎಂಬ ಮೆತ್ತನೆಯ ಮಾತು

ಬೆಂಗಳೂರಿನ ವರ್ತೂರು ಕೆರೆಯ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಮಾತು ಬರುತ್ತದೆ: ಒತ್ತುವರಿ. ನೇಗಿಲನ್ನು ಬದುವಿಗೆ ಒತ್ತಿ, ವರ್ಷಕ್ಕೊಂದು ಸಾಲಿನಂತೆ ಪಕ್ಕದವನ ನೆಲಕ್ಕೆ ಸರಿಯುವುದನ್ನು ರೈತರು ‘ಬದು ಒತ್ತುವುದು’ ಎನ್ನುತ್ತಾರೆ. ಅಲ್ಲಿ ಒತ್ತಿದವನು ಯಾರೆಂದು ಊರಿಗೆಲ್ಲ ಗೊತ್ತು. ಕಂದಾಯ ಇಲಾಖೆಯ ಕಡತದಲ್ಲಿ ಕುಳಿತ ‘ಒತ್ತುವರಿ’ಯಲ್ಲಿ ಮಾತ್ರ ಆ ಮನುಷ್ಯನೇ ಕಾಣುವುದಿಲ್ಲ. ಮಳೆಯಾಗಿದೆ ಎಂದಂತೆ ‘ಕೆರೆ ಒತ್ತುವರಿಯಾಗಿದೆ’ ಎನ್ನುತ್ತೇವೆ. ‘ಕೆರೆ ಕದ್ದಿದ್ದಾರೆ’ ಎಂದರೆ, ಯಾರು ಕದ್ದರು ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಕೆರೆ, ರಾಜಕಾಲುವೆಗಳನ್ನು ಮುಚ್ಚಿ ಮಾರುವುದು ಕಳ್ಳತನ; ಅದನ್ನು ಹಾಗೆಂದೇ ಕರೆಯಬೇಕು.

ಕಾನೂನು ಬಲ್ಲವರು ಇದನ್ನು ಒಪ್ಪಲಿಕ್ಕಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 378ನೇ ಕಲಮಿನ ಪ್ರಕಾರ ಕಳವಾಗುತ್ತಿದ್ದುದು ಚರ ಸ್ವತ್ತು ಮಾತ್ರ. ಅದರ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಉಳಿದಿದೆ. ಹಾಗಾಗಿ ಕೆರೆಯ ಮಣ್ಣನ್ನು ಅಗೆದು ಒಂದು ಲಾರಿ ಸಾಗಿಸಿದರೆ ಕಳವು. ಅದೇ ಕೆರೆಯಂಗಳಕ್ಕೆ ನೂರು ಲಾರಿ ಮಣ್ಣು ಸುರಿದು ನಿವೇಶನ ಮಾಡಿದರೆ ಕಳವಲ್ಲ. ಅದಕ್ಕೆ ಬೇರೆ ಕಲಮು, ಬೇರೆ ಕಾಯ್ದೆ. ಆದರೆ ಕಳವಿನ ಕೇಡು ವಸ್ತು ಜಾಗ ಬಿಟ್ಟು ಕದಲುವುದರಲ್ಲಿಲ್ಲ, ಒಡೆಯನ ಕೈತಪ್ಪುವುದರಲ್ಲಿದೆ. ನಮ್ಮ ದಾನಶಾಸನಗಳು ಇದನ್ನು ಚೆನ್ನಾಗಿ ಬಲ್ಲವು. ಅವುಗಳ ಶಾಪದ ಭಾಗದಲ್ಲಿ ನೆಲಕ್ಕೂ ‘ಹರಣ’ದ ಮಾತೇ ಸಲ್ಲುತ್ತದೆ, ಅದರ ಫಲ 60,000 ವರ್ಷಗಳ ಹುಳುಜನ್ಮ. ಕರ್ನಾಟಕದ 2011ರ ಕಾಯ್ದೆಯ ಹೆಸರು ಕೂಡ ಭೂ ಕಬಳಿಕೆ ನಿಷೇಧ ಕಾಯ್ದೆ. ಮಾತು ಗಟ್ಟಿಯಾಗಿಯೇ ಇದೆ. ದಿನಬಳಕೆಗೆ ನಾವು ಮೆತ್ತನೆಯದನ್ನು ಆರಿಸಿಕೊಂಡಿದ್ದೇವೆ.

ಹಾಗಾದರೆ ಸರ್ಕಾರಿ ನೆಲದಲ್ಲಿ ಅಪ್ಪಣೆಯಿಲ್ಲದ, ಅಂದರೆ ಬಗರ್‌ಹುಕುಂ ಸಾಗುವಳಿ ಮಾಡುವ ಬಡ ರೈತನೂ ಕಳ್ಳನೇ ಎಂಬ ಆಕ್ಷೇಪಕ್ಕೆ ತೂಕವಿದೆ. ಅವನು ಹೊಟ್ಟೆಪಾಡಿಗೆ ಎಲ್ಲರೆದುರು ಉಳುತ್ತಾನೆ, ಸಕ್ರಮಕ್ಕೆ ತಾನೇ ಅರ್ಜಿ ಹಾಕುತ್ತಾನೆ. ಕಾಲುವೆ ಮುಚ್ಚಿ ಮಾರುವವನಿಗೆ ಬೇಕಿರುವುದು ಸುಳ್ಳು ದಾಖಲೆ. ಇಬ್ಬರನ್ನೂ ಒಂದೇ ಪದದಡಿ ನಿಲ್ಲಿಸಿದ್ದರಿಂದ ದೊಡ್ಡವನು ಚಿಕ್ಕವನ ಬೆನ್ನ ಹಿಂದೆ ಅವಿತಿದ್ದಾನೆ. ಪದ ಬೇರೆಯಾದರೆ ಬಡವನಿಗೇ ನ್ಯಾಯ.

ಇನ್ನು, ಸಾಲ ಮಾಡಿ ಅಂಥ ನಿವೇಶನ ಕೊಂಡವನು? ಅವನು ಕಳ್ಳನಲ್ಲ, ಮೋಸಹೋದವನು. ಸಾರ್ವಜನಿಕರ ನೆಲ ಕದ್ದು, ದಾಖಲೆಯಲ್ಲಿ ಸುಳ್ಳು ಬರೆಸಿ, ಕೊಳ್ಳುವವನಿಗೆ ವಂಚಿಸುವ ಮೂರು ತಪ್ಪುಗಳು ಇಲ್ಲಿ ಒಂದರ ಮೇಲೊಂದು ನಿಂತಿವೆ. ಬೆಳ್ಳಂದೂರು ಕೆರೆಯಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹರಿಯುವ ನೀರಿಗೆ ಆ ದಾಖಲೆಗಳ ಹಂಗಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ವಲಯದ ಬಡಾವಣೆಗಳು ಮುಳುಗಿ, ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಸಾಗಿಸಬೇಕಾಯಿತು. ಬಳಿಕ ಜೆಸಿಬಿಗಳು ಬಂದು ‘ಒತ್ತುವರಿ ತೆರವು’ ನಡೆಸಿದವು. ತೆರವಿನಲ್ಲಿ ಬೀಳುವುದು ಗೋಡೆ; ಮಾರಿದವನ, ಸಹಿ ಹಾಕಿದವನ ಹೆಸರು ಬೀಳುವುದಿಲ್ಲ. ಆದ್ದರಿಂದ ತೆರವಿನ ಸುದ್ದಿ ಓದಿದಾಗ ಎಷ್ಟು ಗುಂಟೆ ಎಂಬಲ್ಲಿಗೆ ನಿಲ್ಲಬೇಡಿ. ಕದ್ದವರು ಯಾರು, ಸಹಿ ಯಾರದು ಎಂದು ಕೇಳಿ.